ಲ್ಯಾಪ್‌ಟಾಪ್‌ನಲ್ಲಿ ವೈಫೈ ಇಲ್ಲವೇ ಇಲ್ಲ ಎನ್ನುತ್ತಾರೆ, ನಂಬುವುದೇ?

ಪ್ರಶ್ನೆ (ಕಾಪು): ಅಣ್ಣ, ಮಗಳ ಓದಿಗೆಂದು ಮಂಗಳೂರಿನಿಂದ ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದೆವು. ವಿಂಡೋಸ್ 10 ಹೊಸದಾಗಿ ಹಾಕಿಕೊಟ್ಟಿದ್ದಾರೆ. ವೈಫೈ ಗುರುತು ಎಲ್ಲಿಯೂ ಕಾಣುವುದಿಲ್ಲ. ಕೇಳಿದರೆ ಅಂಗಡಿಯವರು, "ಇದರಲ್ಲಿ ವೈಫೈ ಇಲ್ಲ, ಡಾಂಗಲ್ ತೆಗೆದುಕೊಳ್ಳಿ" ಎಂದರು. ಮನೆಯಲ್ಲಿರುವುದು ಮೊಬೈಲ್ ಇಂಟರ್ನೆಟ್ ಮಾತ್ರ.

ಉತ್ತರ (ರಿಪೇರಿಯವರು, ಉಡುಪಿ): ಅಕ್ಕ, ಯುಎಸ್‌ಬಿಗೆ ಸಿಕ್ಕಿಸುವ ಆ ವೈಫೈ ಡಾಂಗಲ್‌ಗೆ ದುಡ್ಡು ಕೊಡುವ ಮೊದಲು ಐದು ನಿಮಿಷ ಕೊಡಿ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈರ್‌ಲೆಸ್, ವೈಫೈ ಅಥವಾ 802.11 ಎಂದಿರುವ ಸಾಲು ಇದೆಯೇ? ಈಥರ್ನೆಟ್ ಎಂದಿದ್ದರೆ ಅದು ವೈರಿನದು, ಲೆಕ್ಕಕ್ಕಿಲ್ಲ.

ಪ್ರಶ್ನೆ (ಕಾಪು): ಈಥರ್ನೆಟ್ ಮತ್ತು ಬ್ಲೂಟೂತ್ ಮಾತ್ರ ಇವೆ. ಆದರೆ ಕೆಳಗೆ ಅದರ್ ಡಿವೈಸಸ್‌ನಲ್ಲಿ "ನೆಟ್‌ವರ್ಕ್ ಕಂಟ್ರೋಲರ್" ಎಂದು ಹಳದಿ ತ್ರಿಕೋನ ಕಾಣುತ್ತಿದೆ.

ಉತ್ತರ: ಸಿಕ್ಕಿತಲ್ಲ! ವೈರಿನದು ಆಗಲೇ ಪಟ್ಟಿಯಲ್ಲಿರುವುದರಿಂದ ಇದು ಹೆಚ್ಚುಕಡಿಮೆ ವೈಫೈ ಕಾರ್ಡೇ. ಕಾರ್ಡ್ ಒಳಗೇ ಕುಳಿತಿದೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇಲ್ಲದೆ ವಿಂಡೋಸ್‌ಗೆ ಅದರ ಪರಿಚಯವಾಗಿಲ್ಲ, ಅಷ್ಟೇ. ಆ ಸಾಲಿನ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಗೆ ಹೋದರೆ ಕಂಪನಿಯ ಸಂಖ್ಯೆ ಇರುತ್ತದೆ: 8086 ಎಂದರೆ ಇಂಟೆಲ್, 14ಇ4 ಎಂದರೆ ಬ್ರಾಡ್‌ಕಾಮ್. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು ಎಂದು ಹೆದರಬೇಡಿ. ಚಾರ್ಜಿಂಗ್ ವೈರಿನಿಂದ ಮೊಬೈಲನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊಬೈಲ್‌ನಲ್ಲಿ ಇಂಟರ್ನೆಟ್ಟನ್ನು ವೈರಿನ ಮೂಲಕ ಹಂಚುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ವಿಂಡೋಸ್ ಅಪ್‌ಡೇಟ್ ಓಡಿಸಿ. ಅದರಲ್ಲಿ ಬಾರದಿದ್ದರೆ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ಇಳಿಸಿಕೊಳ್ಳಿ.

ಪ್ರಶ್ನೆ (ಪಡುಬಿದ್ರಿ): ನನ್ನದರಲ್ಲಿ ಹಳದಿ ತ್ರಿಕೋನವೂ ಇಲ್ಲ ಮಾರಾಯರೇ.

ಉತ್ತರ: ಅಂಚಿನಲ್ಲಿ ಜಾರುವ ಸ್ವಿಚ್ ಇದೆಯೇ ನೋಡಿ. ಹಿಂದೆ ಒಬ್ಬರು ವೈಫೈ ಸತ್ತಿದೆ ಎಂದು ತಂದಿದ್ದ ಲ್ಯಾಪ್‌ಟಾಪ್‌ನಲ್ಲಿ ಆ ಸ್ವಿಚ್ ಧೂಳಿನಡಿ ಆಫ್ ಆಗಿ ಮಲಗಿತ್ತು. ಉಗುರಿನಿಂದ ಸರಿಸಿ ಕೊಟ್ಟೆ, ದುಡ್ಡು ಕೇಳಲು ನನಗೇ ನಾಚಿಕೆಯಾಯಿತು. ಸ್ವಿಚ್ ಇಲ್ಲದಿದ್ದರೆ ಬಯೋಸ್‌ನಲ್ಲಿ (ಆನ್ ಮಾಡಿದೊಡನೆ, ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್) ವೈರ್‌ಲೆಸ್ ಡಿಸೇಬಲ್ ಆಗಿದೆಯೇ ನೋಡಿ. ಕೊನೆಗೆ, ತಿಳಿದವರ ಕೈಯಿಂದ ಬ್ಯಾಟರಿ ಬಿಚ್ಚಿಸಿ ಹಿಂದಿನ ಮುಚ್ಚಳ ತೆಗೆಸಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಾರ್ಡ್, ಅದಕ್ಕೆ ಪರದೆಯ ಕಡೆಯಿಂದ ಬರುವ ಕೂದಲೆಳೆಯಂಥ ಎರಡು ಆಂಟೆನಾ ವೈರು, ಸಾಮಾನ್ಯವಾಗಿ ಒಂದು ಕಪ್ಪು, ಒಂದು ಬಿಳಿ. ವೈರುಗಳ ತುದಿ ಅಂಟುಪಟ್ಟಿ ಸುತ್ತಿಕೊಂಡು ಖಾಲಿ ಬಿದ್ದಿದ್ದರೆ ಕಾರ್ಡನ್ನು ಯಾರೋ ಕಿತ್ತಿರಬಹುದು. ನಮ್ಮ ಕಡಲ ಗಾಳಿಗೆ ಆ ತುದಿಗಳು ಹಸಿರುಗಟ್ಟುವುದೂ ಉಂಟು. ಆಗ ಕಾರ್ಡ್ ಇದ್ದರೂ ಸಿಗ್ನಲ್ ಪಕ್ಕದ ಕೋಣೆಗೂ ದಾಟುವುದಿಲ್ಲ.

ಪ್ರಶ್ನೆ (ಕಾಪು): ಡ್ರೈವರ್ ಕುಳಿತಿತು ಅಣ್ಣ. ನೆರೆಮನೆಯ ವೈಫೈ ಕಾಣುತ್ತದೆ, ನನ್ನ ಮೊಬೈಲಿನ ಹಾಟ್‌ಸ್ಪಾಟ್ ಮಾತ್ರ ಕಾಣುವುದಿಲ್ಲ!

ಉತ್ತರ: ಹಳೆಯ ಕಾರ್ಡ್, 2.4 ಗಿಗಾಹರ್ಟ್ಸ್ ಎಂಬ ವೈಫೈ ಬ್ಯಾಂಡ್ ಮಾತ್ರ ಹಿಡಿಯುತ್ತಿರಬೇಕು. ನಿಮ್ಮ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿರಬೇಕು. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ಎಂಬುದನ್ನು 2.4ಕ್ಕೆ ಬದಲಿಸಿ.