ಚರ್ಚಿನ ಸ್ಟೀಪಲ್ ಶಿಖರವೋ ಗೋಪುರವೋ? ‘ಬಾವಿ ಅಡಿಪಾಯ’ಕ್ಕೆ ಬೇರೆ ಮಾತುಂಟೇ?

ಗೆಳೆಯರೇ,

ಚೆನ್ನೈ ಎಗ್ಮೋರಿನ ಸೇಂಟ್ ಆಂಡ್ರೂಸ್ ಚರ್ಚನ್ನು (ಸ್ಕಾಟ್ಲೆಂಡಿನವರ ಬಾಯಲ್ಲಿ ‘ಕರ್ಕ್’) ಕನ್ನಡದಲ್ಲಿ ವರ್ಣಿಸುವಾಗ ಸ್ಟೀಪಲನ್ನು (ಚರ್ಚಿನ ಮೇಲೇಳುವ, ಚೂಪು ತುದಿಯ ಎತ್ತರದ ಭಾಗವನ್ನು) ‘ಶಿಖರ’ ಎಂದರೆ ಓದುಗರ ದಿಕ್ಕು ತಪ್ಪುತ್ತದೆ. ಶಿಖರ ಏಳುವುದು ಗರ್ಭಗುಡಿಯ ನೆತ್ತಿಯ ಮೇಲೆ. ಇಲ್ಲಿ ಸ್ಟೀಪಲ್ ಇರುವುದು ಮುಂಭಾಗದ ಕಂಬಸಾಲಿನ ಹಿಂದೆ, ಪ್ರವೇಶದ ಮೇಲೆ. ಲಂಡನ್ನಿನ ಸೇಂಟ್ ಮಾರ್ಟಿನ್-ಇನ್-ದ-ಫೀಲ್ಡ್ಸ್‌ಗೆ ವಾಸ್ತುಶಿಲ್ಪಿ ಜೇಮ್ಸ್ ಗಿಬ್ಸ್ ಹಾಕಿಕೊಟ್ಟ ಮಾದರಿ ಅದು. ಬಾಗಿಲ ಮೇಲೇಳುವುದಕ್ಕೆ ನಮ್ಮಲ್ಲಿ ‘ಗೋಪುರ’ ಇದ್ದೇ ಇದೆ. ಚೂಪಾದ ತುದಿಗೆ ‘ಮೊನೆ’ ಸಾಕು.

ಒಳಗೆ 16 ಕೊರಿಂಥಿಯನ್ ಕಂಬಗಳ (ತಲೆಯಲ್ಲಿ ಎಲೆಗಳ ಕೆತ್ತನೆಯಿರುವ ಗ್ರೀಕ್ ಶೈಲಿಯವು) ವೃತ್ತ, ಅದರ ಮೇಲೆ ನೀಲಿ ಬಣ್ಣದ ಗುಮ್ಮಟ. ಗೋಳಗುಮ್ಮಟದ ನಾಡಿನವರಿಗೆ ಈ ಮಾತಿನಲ್ಲಿ ಅನುಮಾನವಿರದು. ‘ಗರ್ಭಗುಡಿ’, ‘ಅರ್ಚಕ’ ಮಾತ್ರ ಖಂಡಿತ ಬೇಡ. ಇದನ್ನು ಕಟ್ಟಿಸಿದ ಪ್ರೆಸ್ಬಿಟೇರಿಯನ್ನರ (ಸ್ಕಾಟ್ಲೆಂಡಿನ ಪ್ರಾಟೆಸ್ಟೆಂಟ್ ಪಂಗಡದವರ) ಆರಾಧನೆಯಲ್ಲಿ ಮುಖ್ಯವಾದದ್ದು ವಾಕ್ಯ ಸಾರುವ ಪ್ರಸಂಗಪೀಠ; ಆಡಳಿತ ‘ಸಭೆಯ ಹಿರಿಯರ’ ಕೈಯಲ್ಲಿ. ಇದು ಕನ್ನಡ ಬೈಬಲ್ಲಿನದೇ ಮಾತು, ಹೊಸದಾಗಿ ಕಟ್ಟಬೇಕಿಲ್ಲ.

ನನಗೆ ತೊಡಕಾಗಿರುವುದು ಅಡಿಪಾಯದ ಹೆಸರು, ಇಂಗ್ಲಿಷಿನ ‘ವೆಲ್ ಫೌಂಡೇಶನ್’. 1818ರಲ್ಲಿ ಕೆಲಸ ಶುರುವಾಗಿ 1821ರಲ್ಲಿ ಚರ್ಚು ತೆರೆಯಿತು. ಕಟ್ಟಿದವರು ಥಾಮಸ್ ಡಿ ಹ್ಯಾವಿಲ್ಯಾಂಡ್. ಶ್ರೀರಂಗಪಟ್ಟಣದಲ್ಲಿ ನೂರಡಿ ಮೀರಿದ ಹರವಿನ ಇಟ್ಟಿಗೆ ಕಮಾನು ಕಟ್ಟಿ ತೋರಿಸಿದ್ದ ಎಂಜಿನಿಯರ್ ಇವರೇ. (ಆ ಕಮಾನು 1937ರಲ್ಲಿ ಬಿತ್ತು.) ಎಗ್ಮೋರಿನ ನೆಲ ಮೆತ್ತಗಿದ್ದುದರಿಂದ ಬಾವಿಗಳನ್ನು ಇಳಿಸಿ ಅವುಗಳ ಮೇಲೆ ಕಟ್ಟಡ ನಿಲ್ಲಿಸಿದರು. ಈ ಪದ್ಧತಿ ಅದಕ್ಕೂ ಹಳೆಯದು, ಇಲ್ಲಿಯದೇ. ನೆಲದ ಮೇಲೆ ಇಟ್ಟಿಗೆಯ ಅಥವಾ ಸುಟ್ಟ ಮಣ್ಣಿನ ಬಳೆ ಕೂರಿಸಿ ಒಳಗಿನ ಮಣ್ಣು ತೆಗೆಯುತ್ತ ಬಂದರೆ ಅದು ತನ್ನ ಭಾರಕ್ಕೇ ಇಳಿಯುತ್ತದೆ. ಇಳಿದಷ್ಟೂ ಮೇಲೆ ವರಸೆ ಏರಿಸಬೇಕು. ಗಟ್ಟಿ ನೆಲ ಸಿಕ್ಕಮೇಲೆ ಒಳಗೆ ತುಂಬಿ ಬಾಯಿ ಮುಚ್ಚಬೇಕು. ಒಂದೇ ಮಗ್ಗುಲಲ್ಲಿ ಹೆಚ್ಚು ಅಗೆದರೆ ಬಳೆ ವಾಲುತ್ತದೆ, ವಾಲಿದ್ದನ್ನು ನೆಟ್ಟಗಾಗಿಸುವುದು ಬಲು ಕಷ್ಟ. ಮರಳು ನೆಲದಲ್ಲಿ ಅವಸರಪಟ್ಟು ನೀರೆತ್ತಿದರೆ ಹೊರಗಿನ ಮರಳು ಬುಡದಿಂದ ಒಳನುಗ್ಗಿ ಸುತ್ತಲ ನೆಲವೇ ಕುಸಿಯುತ್ತದೆ.

ಇದನ್ನು ‘ಬಾವಿ ಅಡಿಪಾಯ’ ಎಂದರೆ ಬಾವಿಗೆ ಹಾಕಿದ ಅಡಿಪಾಯ ಎಂಬ ಅರ್ಥವೂ ಬರುತ್ತದೆ. ‘ಇಳಿಬಾವಿ ಅಡಿಪಾಯ’ ಎಂದರೆ ಆ ಗೊಂದಲವಿಲ್ಲ, ಇಳಿಸುವ ಕ್ರಮವೂ ಕಾಣುತ್ತದೆ. ಹೊಳೆಗೆ ಸೇತುವೆ ಕಟ್ಟುವ ಗಾರೆ ಕೆಲಸದವರಲ್ಲಿ ಇದಕ್ಕೆ ಬಳಕೆಯ ಮಾತಿದ್ದರೆ ಅದೇ ನಿಲ್ಲಬೇಕು. ತುಂಗಭದ್ರೆ, ಕಾವೇರಿ, ನೇತ್ರಾವತಿ ಕಡೆಯ ಬಲ್ಲವರು ತಿಳಿಸಿ. ಆ ಬಳೆಯನ್ನು ಏನೆನ್ನುತ್ತಾರೆ ಎಂಬುದನ್ನೂ ಬರೆಯಿರಿ.