ರೀಫ್, ಲೋಡ್, ವೇನ್: ಮೂರಕ್ಕೂ ‘ಸಿರೆ’ ಸಾಕೇ?

ಎಲ್ಲರಿಗೂ ಶರಣು.

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಮಂಗಳೂರಿನಲ್ಲಿ (ಕಡಲ ತೀರದ್ದಲ್ಲ) ಇರುವ ಹಳೆಯ ಬಂಗಾರದ ಗಣಿಯ ಬಗ್ಗೆ ಕನ್ನಡದಲ್ಲಿ ಭೂವಿಜ್ಞಾನದ ಟಿಪ್ಪಣಿಯೊಂದು ಸಿದ್ಧವಾಗುತ್ತಿದೆ. ನಿಜಾಮರ ಕಾಲದಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಈ ಸೀಮೆಯಲ್ಲಿ ಬಂಗಾರ ಹುಡುಕಿತ್ತು. ಆಗಿನಿಂದ ಗಣಿಯವರ ಮಾತಿನಲ್ಲಿ, ಕಲ್ಲಿನೊಳಗೆ ಬಂಗಾರ ಇರುವ ಭಾಗಕ್ಕೆ ರೀಫ್, ಲೋಡ್, ವೇನ್ ಎಂಬ ಮೂರು ಇಂಗ್ಲಿಷ್ ಪದಗಳೂ ಓಡಾಡುತ್ತಿವೆ. ಕನ್ನಡದ ಬರಹಗಳಲ್ಲಿ ಮೂರಕ್ಕೂ ‘ಸಿರೆ’ ಇಲ್ಲವೇ ‘ಪದರು’ ಎಂದು ಬರೆದು ಮುಗಿಸುತ್ತಾರೆ. ಇದರಿಂದ ಅರ್ಥವೂ ಕೆಡುತ್ತದೆ, ಲೆಕ್ಕವೂ ಕೆಡುತ್ತದೆ.

‘ಪದರು’ ನಮ್ಮ ಭಾಗಕ್ಕಂತೂ ಬೇಡ. ಕಲಬುರಗಿಯವರಿಗೆ ಪದರು ಎಂದರೆ ಶಹಾಬಾದಿನ ಫರಸಿ ಕಲ್ಲು: ನೀರಿನಡಿ ಹೂಳು ಕೂತು, ಒಂದರ ಮೇಲೊಂದು ಮಟ್ಟಸವಾಗಿ ಹಾಸಿಕೊಂಡ ಸುಣ್ಣಕಲ್ಲು. ಮಂಗಳೂರಿನ ಬಂಗಾರ ಇರುವುದು 250 ಕೋಟಿ ವರ್ಷಕ್ಕೂ ಹಳೆಯದಾದ ಕಪ್ಪು-ಹಸಿರು ಸಿಸ್ಟ್ ಶಿಲೆಯಲ್ಲಿ. ಸುತ್ತ ಗ್ರಾನೈಟ್, ನಡುವೆ ಕಿರಿದಾದ ಈ ಶಿಲೆಯ ಪಟ್ಟಿ. ಕಲ್ಲು ಒತ್ತಡಕ್ಕೆ ಸಿಕ್ಕು ಜರುಗಿ ನುಗ್ಗಾದ ಜಾಗದಲ್ಲಿ ಬಿಸಿ ದ್ರವ ಏರಿ ಬಂದು ಬೆಣಚುಕಲ್ಲನ್ನೂ ಬಂಗಾರವನ್ನೂ ಬಿಟ್ಟಿದೆ. ಅದು ಹಾಸಿಕೊಂಡಿದ್ದಲ್ಲ, ಸೀಳಿಕೊಂಡು ಬಂದದ್ದು.

ಈಗ ‘ಸಿರೆ’. ಬಿಳಿ ಬೆಣಚುಕಲ್ಲಿನ ಒಂದೊಂದು ಎಳೆಗೆ, ಅಂದರೆ ವೇನ್‌ಗೆ, ಈ ಪದ ಸರಿಯಾಗಿಯೇ ಕೂಡುತ್ತದೆ. ಲೋಡ್ ಅದಕ್ಕಿಂತ ಅಗಲದ್ದು: ಎಳೆಗಳು, ಅವುಗಳ ನಡುವಿನ ನುಗ್ಗಾದ ಸಿಸ್ಟ್, ಅಂಚಿನಲ್ಲಿ ಬಣ್ಣ ಬದಲಿಸಿದ ಕಲ್ಲು, ಎಲ್ಲ ಸೇರಿ ಅಗೆಯಲು ಯೋಗ್ಯವಾದ ಪಟ್ಟಿ. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಬಂಗಾರ ಬೆಣಚುಕಲ್ಲಿನಲ್ಲಷ್ಟೇ ಇಲ್ಲ. ಅದರ ಪಕ್ಕದ ಕಪ್ಪು ಅಭ್ರಕ ತುಂಬಿದ ಸಿಸ್ಟ್‌ನಲ್ಲಿ, ಪೈರೈಟ್, ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳ ಜೊತೆಗೂ ಇದೆ. ‘ಬಂಗಾರದ ಸಿರೆ’ ಎಂದು ಓದಿದವರು ಬಿಳಿ ಕಲ್ಲನ್ನಷ್ಟೇ ಆರಿಸುತ್ತಾರೆ.

ಒಂದು ಲೆಕ್ಕ ನೋಡಿ. 0.4 ಮೀಟರ್ ಬೆಣಚುಕಲ್ಲಿನಲ್ಲಿ ಟನ್ನಿಗೆ 2 ಗ್ರಾಂ, ಪಕ್ಕದ 0.6 ಮೀಟರ್ ಸಿಸ್ಟ್‌ನಲ್ಲಿ 5 ಗ್ರಾಂ ಎಂದಿಟ್ಟುಕೊಳ್ಳಿ. ಅಗಲದಿಂದ ಗುಣಿಸಿ ಕೂಡಿದರೆ 0.8 ಮತ್ತು 3.0, ಅಂದರೆ ಒಟ್ಟು ಒಂದು ಮೀಟರ್ ಅಗಲಕ್ಕೆ ಸರಾಸರಿ ಟನ್ನಿಗೆ 3.8 ಗ್ರಾಂ. ಸಿಸ್ಟ್ ಬಿಟ್ಟರೆ ಅಗಲವೂ ಹೋಯಿತು, ಬಂಗಾರದ ಮುಕ್ಕಾಲಿಗೂ ಹೆಚ್ಚು ಪಾಲೂ ಹೋಯಿತು. ಆದ್ದರಿಂದ ಮಾದರಿಯನ್ನು ಪಟ್ಟಿಗೆ ಅಡ್ಡವಾಗಿ, ಒಂದೇ ಅಗಲ ಒಂದೇ ಆಳದ ಕಾಲುವೆ ಕೊರೆದು ತೆಗೆಯಬೇಕು. ಕಲ್ಲಿನ ಬಗೆ ಬದಲಾದಲ್ಲೆಲ್ಲ ಚೀಲ ಬದಲಿಸಬೇಕು. ಮೆತ್ತಗಿನ ಸಿಸ್ಟ್ ಸುಲಭವಾಗಿ ಉದುರುತ್ತದೆ, ಗಟ್ಟಿ ಬೆಣಚು ಬರುವುದಿಲ್ಲ. ಕೈ ಸಡಿಲವಾದರೆ ಮಾದರಿ ಒಂದು ಕಡೆಗೆ ವಾಲುತ್ತದೆ.

‘ಅಗಲ’ ಪದದಲ್ಲೂ ಎಚ್ಚರ ಬೇಕು. ಪಟ್ಟಿ ನೆಲಮಟ್ಟದಿಂದ 60 ಡಿಗ್ರಿ ಓರೆಯಾಗಿ ಕೆಳಗಿಳಿದಿದ್ದರೆ ನೆಲಮಟ್ಟದಲ್ಲಿ 2 ಮೀಟರ್ ಕಂಡದ್ದು ನಿಜವಾಗಿ 1.73 ಮೀಟರ್ ದಪ್ಪ. ಮೊದಲನೆಯದಕ್ಕೆ ‘ಅಗಲ’, ಎರಡನೆಯದಕ್ಕೆ ‘ದಪ್ಪ’ ಎಂದು ಬೇರೆ ಬೇರೆ ಬಳಸುವುದು ಒಳ್ಳೆಯದು.

ನನ್ನ ಸಲಹೆ: ವೇನ್‌ಗೆ ‘ಎಳೆ’ ಅಥವಾ ‘ಸಿರೆ’, ಲೋಡ್‌ಗೆ ‘ಅದಿರುಪಟ್ಟಿ’. ರೀಫ್ ಎಂಬುದನ್ನು ಗಣಿಯವರು ಈ ಎರಡಕ್ಕೂ ಹೇಳುತ್ತಾರೆ. ಹೆಸರಿನ ಭಾಗವಾಗಿ ಬಂದಾಗ ಹಾಗೇ ಇರಲಿ. ಪ್ರಾಸ್ಪೆಕ್ಟ್‌ಗೆ, ಅಂದರೆ ಅದಿರು ಇರಬಹುದೆಂದು ಹುಡುಕುವ ಜಾಗಕ್ಕೆ, ‘ನಿಕ್ಷೇಪ’ ಖಂಡಿತ ಬೇಡ, ಇಷ್ಟು ಅದಿರು ಇದೆ ಎಂದು ಸಾಬೀತಾದಂತೆ ಕೇಳಿಸುತ್ತದೆ. ‘ಶೋಧತಾಣ’ ಸಾಕು.

ಉಳಿದದ್ದು ಗಣಿಯ ಪಕ್ಕ ಸುರಿದ ಕಲ್ಲಿನ ಗುಡ್ಡೆ. ‘ಗರಸು’ ಎಂದರೆ ರಸ್ತೆಗೆ ಹಾಕುವ ಮಣ್ಣೆಂದು ಜನ ಹೊತ್ತೊಯ್ದಾರು. ಆರ್ಸೆನೋಪೈರೈಟ್ ಇರುವ ಕಲ್ಲು ಮಳೆಗೆ ಕರಗಿದರೆ ಆರ್ಸೆನಿಕ್ ಎಂಬ ವಿಷ ನೀರಿಗಿಳಿಯುತ್ತದೆ. ಈ ಕಲ್ಲನ್ನು ಸುತ್ತಿಗೆಯಿಂದ ಹೊಡೆದಾಗ ಬೆಳ್ಳುಳ್ಳಿ ವಾಸನೆ ಬರುವುದೇ ಗುರುತು. ಹಾಗಾಗಿ ಎಚ್ಚರಿಕೆ ಕೊಡುವ ಪದವೇ ಬೇಕು. ‘ಗಣಿತ್ಯಾಜ್ಯ’ ಬಾಯಿಗೆ ಒಗ್ಗುವುದಿಲ್ಲ. ಸುರಪುರ, ಶಹಾಪುರ, ಲಿಂಗಸುಗೂರು ಕಡೆಯ ಆಡುಮಾತಿನಲ್ಲಿ ಇದಕ್ಕೆ, ಹಾಗೆಯೇ ಬೆಣಚುಕಲ್ಲಿನ ಎಳೆಗೆ, ಏನನ್ನುತ್ತಾರೆ? ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ.