ಹೊಗೆಯ ಹೊಸ ವಿಳಾಸ

ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿ ಇಟ್ಟಿರುವ ನಮ್ಮ ದೋಸ್ತನಿಗೆ ಈಗೀಗ ಒಂದು ಹೊಸ ಗರ್ವ. ಅವನ ಚಿಮಣಿಯಲ್ಲಿ ಹೊಗೆ ಇಲ್ಲವಂತೆ.

“ಕಲ್ಲಿದ್ದಲಿನ ಕೋಕ್ ಉರಿಸುವ ಭಟ್ಟಿ ತೆಗೆದು ಕರೆಂಟಿನ ಭಟ್ಟಿ ಹಾಕಿದೆ. ಅಂಗಿ ನೋಡು, ಸಂಜೆಯಾದರೂ ಬಿಳಿ!” ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಚಹಾದಂಗಡಿಯಲ್ಲಿ ಕಾಲರ್ ಎತ್ತಿ ತೋರಿಸಿದ.

ಬಸವನ ಬಾಗೇವಾಡಿ ಕಡೆಯ ಮಾಸ್ತರು ಮಿರ್ಚಿ ಭಜಿ ಕಚ್ಚಿದರು. “ಹೊಗೆ ಹೋಗಿಲ್ಲಪ್ಪ, ಮನೆ ಬದಲಿಸಿದೆ. ಈಗ ನಮ್ಮ ಕಡೆ, ಕೂಡಗಿಯಲ್ಲಿ ಇದೆ.”

ಕೂಡಗಿ ಗೊತ್ತಲ್ಲ, ಕಲ್ಲಿದ್ದಲಿನಿಂದ ಕರೆಂಟು ಮಾಡುವ ಸ್ಥಾವರ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2,400. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಆಲಮಟ್ಟಿ ಹಿನ್ನೀರಿನಿಂದ. ಕರೆಂಟು ತಂತಿ ಹಿಡಿದು ಊರೂರಿಗೆ ಹೋಗುತ್ತದೆ. ಹೊಗೆಗೆ ತಂತಿ ಇಲ್ಲ, ಅಲ್ಲೇ ಮೇಲೇರುತ್ತದೆ.

“ನನ್ನ ಕರೆಂಟಿನ ಮೇಲೆ ಕೂಡಗಿ ಅಂತ ಬರೆದಿದೆಯಾ? ಆಲಮಟ್ಟಿ ಡ್ಯಾಮಿನದೂ ಇರಬಹುದು, ಗಾಳಿಯದೂ ಇರಬಹುದು!”

“ಅದಕ್ಕೇ ದೇಶದ ಸರಾಸರಿ ಹಿಡಿಯೋಣ. ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್. ಒಂದು ಟನ್ ಬೀಡು ಕಬ್ಬಿಣ ಕರಗಿಸಲು ಎಷ್ಟು ಯೂನಿಟ್?”

“600 ಹಿಡಿಯಿರಿ.”

“ಹಾಗಾದರೆ 420 ಕಿಲೋ. ನಿನ್ನ ಬಿಳಿ ಅಂಗಿಯ ಬಾಡಿಗೆ.”

ಚಹಾದ ಕಾಕಾಗೆ ಅನುಮಾನ ಬಂತು. “ಗೃಹಜ್ಯೋತಿ ಬಂದಮೇಲೆ ನಮ್ಮ ಬಿಲ್ಲು ಸೊನ್ನೆ. ಹೊಗೆನೂ ಸೊನ್ನೆ ಅಲ್ವಾ?”

“200 ಯೂನಿಟ್ ಉರಿಸಿದರೆ 140 ಕಿಲೋ, ಕಾಕಾ. ಸರ್ಕಾರ ಬಿಲ್ಲು ಕಟ್ಟಬಹುದು, ಹೊಗೆಯನ್ನು ಕಟ್ಟಿಹಾಕೋದು ಹೇಗೆ?”

“ಹೊಗೆಗೂ ಕಿಲೋ ಲೆಕ್ಕವಾ?”

“ಹೌದು. ಕಲ್ಲಿದ್ದಲಿನ ಕಾರ್ಬನ್ 12 ಗ್ರಾಂ ಉರಿದರೆ ಗಾಳಿಯ ಆಕ್ಸಿಜನ್ 32 ಗ್ರಾಂ ಕೂಡಿಕೊಳ್ಳುತ್ತದೆ. ಒಟ್ಟು 44.”

“ಅಂದರೆ ಹಾಲಿಗೆ ನೀರು ಹಾಕಿದಂಗೆ!” ಕಾಕಾ ಗೆಲುವಾದರು. ಈ ಲೆಕ್ಕ ಅವರಿಗೆ ಮೊದಲೇ ಗೊತ್ತಿತ್ತು, ನಮಗೂ ಗೊತ್ತಿತ್ತು.

ನಾನು ಸುಮ್ನೆ ಇರಬಾರದು ಅಂತ ಬಾಯಿ ಹಾಕಿದೆ. “ಕಾರ್ಖಾನೆ ಬೇಡ ಅಂದರೆ ಹೊಟ್ಟೆಗೆ ಏನು? ಸರ್ಕಾರದ ಲೆಕ್ಕ ನೋಡಿ. 2005ರಿಂದ 2019ರೊಳಗೆ, ಅಷ್ಟೇ ಉತ್ಪಾದನೆಗೆ ಬಿಡುವ ಹೊಗೆ ಶೇ. 33 ಇಳಿದಿದೆ.”

“ಒಟ್ಟು ಹೊಗೆ ಏರಿದೆಯಲ್ಲ! ಗಾಡಿ ಮೈಲೇಜ್ ಚೆನ್ನಾಗಿದೆ ಅಂತ ದಿನಾ ಗೋಕಾಕಿಗೆ ಕರದಂಟು ತಿನ್ನಲು ಹೋದರೆ ಪೆಟ್ರೋಲ್ ಉಳಿಯುತ್ತಾ?”

ನಿಜ ಹೇಳಬೇಕೆಂದರೆ, ಕರದಂಟಿನ ಮಾತು ಬಂದಮೇಲೆ ನನ್ನ ವಾದ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

“ನೋಡ್ರಿ, ಈಗ ಹೊಗೆ ಸೊನ್ನೆ,” ಮಾಸ್ತರು ನಕ್ಕರು. ದೋಸ್ತ ನಗಲಿಲ್ಲ. ಭಟ್ಟಿ ತುಂಬ ಕರಗಿದ ಬೀಡು. ತಂಪಿನ ನೀರಿನ ಪಂಪು ನಿಂತರೆ ಭಟ್ಟಿ ಸುತ್ತಿದ ತಾಮ್ರದ ಕಾಯಿಲ್ ಹೋಯಿತು, ಬೀಡು ಗಟ್ಟಿಯಾದರೆ ಭಟ್ಟಿಯೇ ಹೋಯಿತು. ಅರ್ಧ ಭಜಿ ಕೈಯಲ್ಲೇ ಹಿಡಿದು ಓಡಿದ.

ಎರಡು ನಿಮಿಷಕ್ಕೆ ಆ ಕಡೆಯಿಂದ ಡೀಸೆಲ್ ಜನರೇಟರ್ ಧಡಧಡ ಎಂದಿತು. ಛಾವಣಿ ಮೇಲೆ ಕರ್ರಗೆ ಹೊಗೆ ಎದ್ದಿತು.

“ತವರಿಗೆ ಬಂತು ನೋಡ್ರಿ,” ಎಂದ ಕಾಕಾ, ದೋಸ್ತನ ಎರಡು ಪ್ಲೇಟ್ ಭಜಿಯನ್ನು ನನ್ನ ಲೆಕ್ಕಕ್ಕೆ ಬರೆದುಕೊಂಡರು.